ಲಾಭಂ, ದೋಸ್, ತ್ರೇಸ್

ನಾನು ಶ್ರೀನಿವಾಸಪುರದ ಆ ಶಾಲೆಗೆ ಸೇರಿದ್ದು ಡ್ರಾಯಿಂಗ್ ಟೀಚರಾಗಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ನಡೆದದ್ದನ್ನು ಕೇಳಿದವರೆಲ್ಲ "ನಿನಗ್ಯಾಕೆ ಬೇಕಿತ್ತು ಸ್ಪ್ಯಾನಿಷ್ಷು?" ಎಂದು ನನ್ನನ್ನೇ ಬೈಯುತ್ತಾರೆ. ನನಗೆಲ್ಲಿ ಬೇಕಿತ್ತು? ಟೇಕಲ್‌ನಲ್ಲಿ ಹುಟ್ಟಿ, ಕೋಲಾರದಲ್ಲಿ ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿ, ಮದುವೆಯಾಗಿ ಶ್ರೀನಿವಾಸಪುರಕ್ಕೆ ಬಂದವಳು ನಾನು. ಗಂಡನ ಜೊತೆ ಕನ್ನಡ, ಅತ್ತೆಯ ಜೊತೆ ತೆಲುಗು, ತರಕಾರಿಯವನ ಜೊತೆ ಎರಡೂ ಬೆರಕೆ. ಅಷ್ಟರಲ್ಲೇ ನನ್ನ ಸಂಸಾರ ಚೆನ್ನಾಗಿ ನಡೆಯುತ್ತಿತ್ತು.

ಸಂದರ್ಶನದ ದಿನ ಪ್ರಿನ್ಸಿಪಾಲರು ನನ್ನ ಚಿತ್ರಗಳನ್ನು ಲಗ್ನಪತ್ರಿಕೆಗಳ ಹಾಗೆ ಸರಸರನೆ ಮಗುಚಿ, "ಹಾಡೂ ಹೇಳ್ತೀರೇನಮ್ಮಾ?" ಎಂದು ಕೇಳಿದರು. ಮನೆಯಲ್ಲಿ ಹಾರ್ಮೋನಿಯಂ ಇದೆ, ವಾರಕ್ಕೊಮ್ಮೆ ಭಜನೆಗೆ ಹೋಗುತ್ತೇನೆ ಎಂದೆ. ಸತ್ಯ ಹೇಳಿದ್ದೇ ತಪ್ಪಾಯಿತು. ಶಾಲೆ ಶುರುವಾದ ದಿನ ಟೈಮ್‌ಟೇಬಲ್ ನೋಡಿದರೆ ಎಲ್‌ಕೆಜಿ, ಯುಕೆಜಿ ಎರಡಕ್ಕೂ ಮ್ಯೂಸಿಕ್ಕೂ ನಾನೇ.

ಅಷ್ಟಕ್ಕೇ ನಿಂತಿದ್ದರೆ ಸರಿಹೋಗುತ್ತಿತ್ತು. ಆದರೆ ಅದೇ ವರ್ಷ ಮುಳಬಾಗಿಲಿನ ಇನ್ನೊಂದು ಶಾಲೆಯವರು ಯುಕೆಜಿ ಮಕ್ಕಳಿಗೆ ಫ್ರೆಂಚ್ ಶುರುಮಾಡಿ, ಅದರ ಬ್ಯಾನರನ್ನು ತಂದು ನಮ್ಮೂರಿನ ಬಸ್‌ಸ್ಟ್ಯಾಂಡಿನಲ್ಲೇ ಕಟ್ಟಿದರು. ನಮ್ಮ ಪ್ರಿನ್ಸಿಪಾಲರು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲವೆಂದು ಅವರ ಡ್ರೈವರೇ ಹೇಳಿದ. ನಾಲ್ಕನೆಯ ದಿನ ಸ್ಟಾಫ್ ಮೀಟಿಂಗ್. ನಮ್ಮ ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಸಲಾಗುವುದು ಎಂದು ಘೋಷಿಸಿದರು. ಯಾರು ಕಲಿಸುವುದು ಎಂದು ಯಾರೋ ಕೇಳಿದಾಗ ಎಲ್ಲರೂ ಯಾಕೆ ನನ್ನ ಕಡೆ ನೋಡಿದರೋ ಆ ದೇವರೇ ಬಲ್ಲ.

"ಡ್ರಾಯಿಂಗು, ಮ್ಯೂಸಿಕ್ಕು, ಸ್ಪ್ಯಾನಿಷ್ಷು, ಮೂರೂ ಆಕ್ಟಿವಿಟೀನೇ ಅಲ್ವೇನಮ್ಮಾ? ಸಬ್ಜೆಕ್ಟ್ ಟೀಚರ್‌ಗಳಿಗೆ ಪುರಸೊತ್ತೆಲ್ಲಿದೆ?" ಎಂದರು ಪ್ರಿನ್ಸಿಪಾಲರು.

"ಸಾರ್, ನನಗೆ ಸ್ಪ್ಯಾನಿಷ್ ಬರಲ್ಲ."

"ಮಕ್ಕಳಿಗೂ ಬರಲ್ಲ. ಅವರಿಗಿಂತ ಒಂದು ವಾರ ಮುಂದಿದ್ರೆ ಸಾಕು."

ಇದಕ್ಕಿಂತ ಸರಳವಾದ ಶಿಕ್ಷಣ ಸಿದ್ಧಾಂತವನ್ನು ನಾನು ಇವತ್ತಿನವರೆಗೂ ಕೇಳಿಲ್ಲ. ಬೆಂಗಳೂರಿನ ಹೆಡ್ ಆಫೀಸಿನವರು ಮೂರು ಶನಿವಾರ ಫೋನಿನಲ್ಲೇ ಟ್ರೈನಿಂಗ್ ಕೊಟ್ಟರು. ನಾನು ಫೋನನ್ನು ಸಾಂಬಾರ ಪುಡಿಯ ಡಬ್ಬಕ್ಕೆ ಒರಗಿಸಿಟ್ಟು, ಮುದ್ದೆ ತೊಳಸುತ್ತ ಊನೋ, ದೋಸ್, ತ್ರೇಸ್ ಕಲಿತೆ. ಅತ್ತೆ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿಸಿಕೊಂಡು, ಇದು ಯಾವ ಪೂಜೆಯ ಮಂತ್ರ ಎಂದು ವಿಚಾರಿಸಿದರು. ಮೂರನೆಯ ಶನಿವಾರ ಸಂಜೆ ಫೋನಿಗೆ ಸರ್ಟಿಫಿಕೇಟ್ ಬಂತು. ಅದರಲ್ಲಿ ನನ್ನ ಹೆಸರಿನ ಕಾಗುಣಿತ ಬಿಟ್ಟು ಉಳಿದದ್ದೆಲ್ಲ ಸರಿಯಾಗಿತ್ತು.

ನಾನು ಕಲಿಸುತ್ತಿದ್ದ ಕಲೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಕಲಿಸಲು ನನಗೇನೂ ಇರಲಿಲ್ಲ. ಹೆಡ್ ಆಫೀಸಿನಿಂದ ಅಚ್ಚಾದ ಹಾಳೆಗಳು ಬರುತ್ತಿದ್ದವು. ಮಕ್ಕಳು ಗೆರೆಯಾಚೆ ಹೋಗದಂತೆ ಬಣ್ಣ ತುಂಬಬೇಕು, ಯಾವುದಕ್ಕೆ ಯಾವ ಬಣ್ಣ ಎಂದು ಹಾಳೆಯ ಮೂಲೆಯಲ್ಲೇ ಬರೆದಿರುತ್ತಿತ್ತು. ಒಂದು ವಾರ ಮಾವಿನಹಣ್ಣು ಬಂತು. ಬಣ್ಣ ಹಳದಿ. ಇದು ಶ್ರೀನಿವಾಸಪುರ. ಇಲ್ಲಿನ ಮಕ್ಕಳು ತೊಟ್ಟಿಲಲ್ಲಿ ಮಲಗಿದ್ದಾಗಲೇ ಮಾವು ಮಾಗಿಸುವ ಹುಲ್ಲಿನ ವಾಸನೆ ಕುಡಿದಿರುತ್ತವೆ. ಮುಂದಿನ ಬೆಂಚಿನ ಒಬ್ಬ ಹುಡುಗ ಕ್ರೆಯಾನ್ ಕೈಯಲ್ಲಿ ಹಿಡಿದು ಎದ್ದು ನಿಂತು, "ಮಿಸ್, ಇದು ಬಾದಾಮಿನಾ, ತೋತಾಪುರಿನಾ?" ಎಂದು ಕೇಳಿದ. ಇನ್ನೊಬ್ಬಳು ಅರ್ಧ ಹಸಿರು ಬಳಿದು, ಮೇಲೆ ಸೊನೆ ಸುರಿದ ಕಪ್ಪು ಕಲೆಗಳನ್ನೂ ಹಾಕಿದಳು. ಅವಳ ಅಪ್ಪನದು ಮಾವಿನ ತೋಪಿನ ಗುತ್ತಿಗೆ. ಹಾಗೆ ನೋಡಿದರೆ ಅಷ್ಟು ಜನರಲ್ಲಿ ಮಾವಿನಕಾಯಿಯನ್ನು ಸರಿಯಾಗಿ ನೋಡಿದ್ದವಳು ಅವಳೊಬ್ಬಳೇ. ನಾನು ಅದರ ಮೇಲೆ ಕೆಂಪು ಪೆನ್ನಿನಲ್ಲಿ ತಪ್ಪು ಗುರುತು ಹಾಕಿ, ಪಕ್ಕದಲ್ಲಿ ಹಳದಿ ಎಂದು ಬರೆದೆ. ನೌಕರಿ ಎಂದರೆ ಅದೇ.

ಸಂಗೀತವೂ ಹಾಗೆಯೇ. ಹಾರ್ಮೋನಿಯಂ ತಂದರೆ ಶಾಲೆ ಭಜನೆ ಮಂದಿರದಂತೆ ಕಾಣುತ್ತದೆಂದು ಪ್ರಿನ್ಸಿಪಾಲರು ಬೇಡವೆಂದರು. ಅದರ ಬದಲು ಒಂದು ಪುಟ್ಟ ಸ್ಪೀಕರ್ ಕೊಟ್ಟರು. ನನ್ನ ಕೆಲಸ ಅದರ ಗುಂಡಿ ಒತ್ತುವುದು. ಒತ್ತಿದರೆ ಯಾವಳೋ ಹೆಂಗಸು ಮೂಗಿನಲ್ಲಿ ಹಿಮದ ಬಗ್ಗೆ ಹಾಡುತ್ತಿದ್ದಳು. ಹಿಮ ಅಂದರೆ ಏನು ಎಂದು ಮಕ್ಕಳನ್ನು ಕೇಳಿದೆ. "ಫ್ರಿಡ್ಜಲ್ಲಿ ಮೇಲ್ಗಡೆ ಕಟ್ಕೊಂಡಿರತ್ತಲ್ಲ ಮಿಸ್, ನಮ್ಮಮ್ಮ ಚಾಕುಲಿ ಕೆರೀತಾಳೆ" ಎಂದ ಒಬ್ಬ. ಸರಿಯಾದ ಉತ್ತರ. ಆದರೆ ಕನ್ನಡದಲ್ಲಿ ಹೇಳಿದನಲ್ಲ, ಆದ್ದರಿಂದ ಅವನ ಕೊರಳಿಗೆ ಕೆಂಪು ಕಾರ್ಡು ಬಿತ್ತು.

ಕೆಂಪು ಕಾರ್ಡೆಂದರೆ ನಮ್ಮ ಶಾಲೆಯ ಸಂಪ್ರದಾಯ. ಕ್ಲಾಸಿನಲ್ಲಿ ಕನ್ನಡವನ್ನೋ ತೆಲುಗನ್ನೋ ಆಡಿದ ಮಗು ಅದನ್ನು ದಾರದಲ್ಲಿ ಕೊರಳಿಗೆ ಹಾಕಿಕೊಂಡು, ಇನ್ನೊಂದು ಮಗು ಆಡುವವರೆಗೂ ತಿರುಗಬೇಕು. "ಸ್ಟ್ರಿಕ್ಟಾಗಿ ಇಂಗ್ಲಿಷಲ್ಲೇ ಮಾತಾಡಿಸ್ರಮ್ಮಾ, ಮುಲಾಜು ಬೇಡ" ಎಂದು ಪ್ರಿನ್ಸಿಪಾಲರು ನಮಗೆ ಅಪ್ಪಟ ಕನ್ನಡದಲ್ಲಿ ಹೇಳುತ್ತಿದ್ದರು. ಸಿಟ್ಟು ಬಂದರೆ ತೆಲುಗಿನಲ್ಲಿ ಹೇಳುತ್ತಿದ್ದರು. ಸ್ಟಾಫ್ ರೂಮಿನಲ್ಲಿ ನಾವು ಹತ್ತು ಜನ ಟೀಚರುಗಳು ಆಡುತ್ತಿದ್ದ ಇಂಗ್ಲಿಷನ್ನು ಅಳೆದರೆ ಒಂದು ಪಾವು ಆಗುತ್ತಿರಲಿಲ್ಲ. ನಮಗ್ಯಾರೂ ಕಾರ್ಡು ಹಾಕಲಿಲ್ಲ.

ಯುಕೆಜಿಯಲ್ಲಿ ಒಂದು ಹುಡುಗಿಯ ಕೊರಳಿಗೆ ಆ ಕಾರ್ಡು ಬಿದ್ದೇ ಇರಲಿಲ್ಲ. ಅವಳು ಯಾವ ಭಾಷೆಯನ್ನೂ ಆಡುತ್ತಿರಲಿಲ್ಲ. ಐದು ವರ್ಷದ ಮಗು, ಎರಡು ಬಿಗಿ ಜಡೆ, ಸದಾ ತೂಗುಹಾಕಿದ ನೀರಿನ ಬಾಟಲಿ. ಗೌನಿಪಲ್ಲಿ ಕಡೆಯ ತೆಲುಗು ಮನೆಯವರು. ಅಪ್ಪ ಲಾರಿ ಡ್ರೈವರ್, ವಾರಗಟ್ಟಲೆ ಊರಲ್ಲಿರುತ್ತಿರಲಿಲ್ಲ. ಮಗಳು ಇಂಗ್ಲಿಷ್ ಶಾಲೆಗೇ ಹೋಗಬೇಕೆಂದು ಹಟ ಹಿಡಿದು ಸೇರಿಸಿದ್ದ. ಅಮ್ಮನಿಗೆ ಮಡಿಲಲ್ಲಿ ಇನ್ನೊಂದು ಕೂಸು. ಹಾಗಾಗಿ ಹುಡುಗಿಯನ್ನು ಬಿಡುವುದು, ಕರೆದೊಯ್ಯುವುದು ಎಲ್ಲ ಅವಳ ಅಜ್ಜಿ. ತೆಲುಗಿನಲ್ಲಿ ಅಜ್ಜಿಗೆ ಅವ್ವ ಎನ್ನುತ್ತಾರೆ. ಶಾಲೆಯಲ್ಲಿ ನಾವೂ ಆಕೆಯನ್ನು ಅವ್ವ ಎಂದೇ ಕರೆಯುತ್ತಿದ್ದೆವು. ಅವ್ವನಿಗೆ ಮಂಡಿಯಲ್ಲಿ ಕೆಲಸ. ಮಾವಿನ ಕಾಲದಲ್ಲಿ ಮಾವಿನ ಕ್ರೇಟು, ಅದು ಮುಗಿದ ಮೇಲೆ ಟೊಮೊಟೊ ಕ್ರೇಟು ಎಣಿಸಿ ಲಾರಿಗೆ ಹತ್ತಿಸುವುದು. ಶಾಲೆ ಬಿಟ್ಟ ಮೇಲೆ ಕತ್ತಲಾಗುವತನಕ ಹುಡುಗಿಯೂ ಮಂಡಿಯಲ್ಲೇ.

"ಮನೇಲಿ ವಾಗ್ತಾನೇ ಇರ್ತಾಳೆ ಮೇಡಮ್ಮಾ, ನಮಗೆ ತಲೆನೋವು ಬರ್ತದೆ. ಇಲ್ಲಿಗೆ ಬಂದ್ರೆ ಏನಾಗ್ತದೋ" ಎನ್ನುತ್ತಿದ್ದಳು ಅವ್ವ.

ಜೂನ್ ಹೋಯಿತು, ದಸರೆ ರಜೆಯೂ ಮುಗಿಯಿತು, ಹುಡುಗಿ ಬಾಯಿ ತೆರೆಯಲಿಲ್ಲ. ಇಂಗ್ಲಿಷ್ ಮಿಸ್ಸು ಅವಳ ಹೆಸರಿನ ಮುಂದೆ ಪ್ರತಿ ತಿಂಗಳೂ ಸೊನ್ನೆ ಹಾಕಿದರು. ಕೊನೆಗೆ ಪ್ರಿನ್ಸಿಪಾಲರು ಯುಕೆಜಿ ಟೀಚರುಗಳಾದ ನಮ್ಮ ಎದುರೇ ಅವ್ವನನ್ನು ಕರೆಸಿ ಸ್ಪಷ್ಟವಾಗಿ ಹೇಳಿದರು: ವರ್ಷ ಮುಗಿಯುವುದರೊಳಗೆ ಮಗು ಮಾತಾಡದಿದ್ದರೆ ಒಂದನೇ ಕ್ಲಾಸಿಗೆ ಹಾಕುವುದಿಲ್ಲ, ಮತ್ತೊಂದು ವರ್ಷ ಯುಕೆಜಿಯಲ್ಲೇ ಕೂರಬೇಕು. ಅವ್ವ ಕುರ್ಚಿಯ ತುದಿಯಲ್ಲಿ ಕುಳಿತು, ಸೆರಗಿನಿಂದ ಬೆವರು ಒರೆಸಿಕೊಂಡು ನನ್ನನ್ನೇ ನೋಡಿದಳು. ನನ್ನನ್ನೇ ಏಕೆ ಎಂದರೆ, ಆ ಕೋಣೆಯಲ್ಲಿ ಆಕೆಯ ಜೊತೆ ತೆಲುಗಿನಲ್ಲಿ ನಕ್ಕು ಮಾತಾಡುತ್ತಿದ್ದವಳು ನಾನೊಬ್ಬಳೇ. ನಾನು ನೋಡಿಕೊಳ್ಳುತ್ತೇನೆ ಅವ್ವ ಎಂದುಬಿಟ್ಟೆ. ಯಾವ ಧೈರ್ಯದ ಮೇಲೆ ಹೇಳಿದೆನೋ ಗೊತ್ತಿಲ್ಲ.

ಇಷ್ಟು ಹೊತ್ತು ಸ್ಪ್ಯಾನಿಷ್ಷನ್ನು ಹಂಗಿಸಿದೆ. ಈಗ ಅದಕ್ಕೆ ಸಲ್ಲಬೇಕಾದ ಮರ್ಯಾದೆಯನ್ನೂ ಸಲ್ಲಿಸಬೇಕು. ಇಂಗ್ಲಿಷ್ ಪಿರಿಯಡ್ಡಿನಲ್ಲಿ ಡಾಕ್ಟರ ಮಗ ಮೊದಲ ದಿನವೇ ಹತ್ತು ಹೆಜ್ಜೆ ಮುಂದಿರುತ್ತಿದ್ದ. ಬ್ಯಾಂಕಿನವರ ಮಗಳು ಎಂಟು ಹೆಜ್ಜೆ. ಸ್ಪ್ಯಾನಿಷ್ ಪಿರಿಯಡ್ಡಿನಲ್ಲಿ ಡಾಕ್ಟರ ಮಗನೂ ಅಷ್ಟೇ, ಡ್ರೈವರನ ಮಗಳೂ ಅಷ್ಟೇ, ಟೀಚರೂ ಅಷ್ಟೇ. ಯಾರ ಮನೆಯಲ್ಲೂ ಆ ಭಾಷೆ ಇರಲಿಲ್ಲ, ಯಾರಿಗೂ ಯಾರ ಎದುರೂ ನಾಚಿಕೆ ಇರಲಿಲ್ಲ. ಮಕ್ಕಳು ನನ್ನ ಉಚ್ಚಾರಣೆಗೆ ನಗುತ್ತಿದ್ದರು, ನಾನು ಅವರದಕ್ಕೆ ನಗುತ್ತಿದ್ದೆ. ಇಡೀ ಶಾಲೆಯಲ್ಲಿ ಮಕ್ಕಳು ಹೆದರದೆ ಬಾಯಿಬಿಡುತ್ತಿದ್ದ ನಲವತ್ತು ನಿಮಿಷ ಎಂದರೆ ಅದೊಂದೇ.

ದೀಪಾವಳಿಯ ಹತ್ತಿರದ ಒಂದು ಬುಧವಾರ. ಬಣ್ಣ ಹಾಕಿ ಮುಗಿದಿತ್ತು. ಕ್ರೆಯಾನುಗಳನ್ನು ಎಣಿಸಿ ಡಬ್ಬಕ್ಕೆ ಹಾಕುವ ಸರದಿ ಆ ಹುಡುಗಿಯದು. ನಾನು ಬೋರ್ಡು ಒರೆಸುತ್ತಿದ್ದೆ. ಬೆನ್ನ ಹಿಂದೆ ಒಂದು ಗಟ್ಟಿ ದನಿ ಕೇಳಿಸಿತು. ಸ್ವಲ್ಪ ಒರಟು, ದೊಡ್ಡವರ ಠೀವಿ.

"ಲಾಭಂ. ದೋಸ್. ತ್ರೇಸ್. ಕ್ವಾತ್ರೋ. ಸಿಂಕೋ."

ತಿರುಗಿ ನೋಡಿದರೆ ಅವಳೇ. ಒಂದೊಂದು ಕ್ರೆಯಾನಿಗೂ ತಲೆಯಾಡಿಸಿ, ಡಬ್ಬಕ್ಕೆ ಟಪ್ಪೆಂದು ಹಾಕುತ್ತ ಹತ್ತರವರೆಗೂ ಹೋದಳು. ಮತ್ತೆ ಲಾಭಂನಿಂದ ಶುರು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಸೇರಿಗೆ ನನ್ನಪ್ಪನೂ ಒಂದು ಎನ್ನುತ್ತಿರಲಿಲ್ಲ. ಲಾಭ, ಎರಡು, ಮೂರು. ಒಂದು ಎಂದರೆ ಒಂದಕ್ಕೇ ನಿಂತುಹೋದೀತೆಂಬ ಭಯ, ಲಾಭ ಎಂದರೆ ಲಾಭವೇ ಆಗಲಿ ಎಂಬ ಆಸೆ. ತೆಲುಗಿನವರಲ್ಲೂ ಲಾಭಂ, ರೆಂಡು, ಮೂಡು. ಮಂಡಿಯಲ್ಲಿ ಅವ್ವ ದಿನಕ್ಕೆ ನೂರಾರು ಕ್ರೇಟುಗಳನ್ನು ಹಾಗೆಯೇ ಎಣಿಸುತ್ತಿದ್ದಳು. ಎಣಿಕೆ ಎಂದರೆ ಹಾಗೆಯೇ ಶುರುವಾಗಬೇಕು, ಮುಂದೆ ಯಾವ ಭಾಷೆ ಬೇಕಾದರೂ ಬರಲಿ ಎಂದು ಮಗು ತೀರ್ಮಾನಿಸಿಕೊಂಡಿತ್ತು. ಅದರಲ್ಲಿ ತಪ್ಪು ಹುಡುಕಲು ನನಗೆ ಇವತ್ತಿಗೂ ಆಗುವುದಿಲ್ಲ.

ಆಗ ಊನೋ ಎಂದು ತಿದ್ದಿದ್ದರೆ ಅವಳು ಮತ್ತೆ ಬಾಯಿ ಮುಚ್ಚುತ್ತಿದ್ದಳು. ಐದು ತಿಂಗಳಲ್ಲಿ ಮೊದಲ ಸಲ ಆಡಿದ ಮಾತು. ನನ್ನ ಕಣ್ಣಲ್ಲಿ ನೀರು ಬಂದಿತ್ತು. "ವೆರಿ ಗುಡ್! ವೆರಿ ವೆರಿ ಗುಡ್!" ಎಂದು ಚಪ್ಪಾಳೆ ತಟ್ಟಿಬಿಟ್ಟೆ.

ಮಿಸ್ಸು ಚಪ್ಪಾಳೆ ತಟ್ಟಿದ್ದನ್ನು ಮಕ್ಕಳು ಬಿಡುತ್ತವೆಯೇ? ಮುಂದಿನ ವಾರದ ಹೊತ್ತಿಗೆ ಡಾಕ್ಟರ ಮಗನೂ ಲಾಭಂ, ಬ್ಯಾಂಕಿನವರ ಮಗಳೂ ಲಾಭಂ. ಇಪ್ಪತ್ತೆಂಟು ಮಕ್ಕಳು ಒಟ್ಟಿಗೆ ಕಿರುಚಿದರೆ ಸಂಜೆಯ ಮಂಡಿಯಲ್ಲಿ ನಿಂತ ಹಾಗಾಗುತ್ತಿತ್ತು. ಒಂದು ಸಲ ಪ್ರಿನ್ಸಿಪಾಲರು ಕಿಟಕಿಯಾಚೆ ನಿಂತು ಕೇಳಿಸಿಕೊಂಡು, "ಆಹಾ, ಆಕ್ಸೆಂಟ್ ಅಂದ್ರೆ ಇದು" ಎಂದು ತಲೆದೂಗಿ ಹೋದರು. ಹುಡುಗಿ ಈಗ ನನ್ನ ಕ್ಲಾಸಿನಲ್ಲಿ ಬಣ್ಣಗಳ ಹೆಸರನ್ನೂ ಹೇಳುತ್ತಿದ್ದಳು. ಕೆಂಪು ರೋಹೋ, ಹಸಿರು ವೆರ್ದೆ, ಹಳದಿ ಅಮರೀಯೋ. ಬೇರೆ ಕ್ಲಾಸುಗಳಲ್ಲಿ ಮಾತ್ರ ಅದೇ ಮೌನ. ಇರಲಿ, ಶುರುವಾಯಿತಲ್ಲ ಎಂದುಕೊಂಡೆ. ಸಂಕ್ರಾಂತಿ ಕಳೆದ ಮೇಲೆ ಮೆಲ್ಲಗೆ ತಿದ್ದೋಣ, ಅವಸರವೇನು ಎಂದುಕೊಂಡೆ.

ಸಂಕ್ರಾಂತಿ ಕಳೆದ ಮೇಲೆ ತಿದ್ದಲು ಹೋದೆ ಕೂಡ. ಲಾಭಂ ಅಲ್ಲ ಕಂದ, ಊನೋ ಎಂದೆ. ಅವಳು ನನ್ನ ಮುಖ ನೋಡಿದಳು. ಅವತ್ತಿಡೀ ಒಂದು ಮಾತಿಲ್ಲ, ಮರುದಿನವೂ ಇಲ್ಲ. ಮೂರನೆಯ ದಿನ ನಾನೇ ಸೋತು, ಅವಳ ಮುಂದೆ ಕ್ರೆಯಾನಿನ ಡಬ್ಬ ಸುರಿದು "ಲಾಭಂ" ಎಂದು ನಾನೇ ಶುರುಮಾಡಿದೆ. ಮುಂದಿನದನ್ನು ಅವಳು ಹೇಳಿದಳು.

ಫೆಬ್ರವರಿಯಲ್ಲಿ ಹೆಡ್ ಆಫೀಸಿನಿಂದ ಒಬ್ಬ ಮೇಡಂ ಬರುತ್ತಾರೆಂದು ಸುದ್ದಿ ಬಂತು. ಕ್ಲಾಸುಗಳಲ್ಲಿ ಕುಳಿತು ನೋಡುತ್ತಾರೆ, ಒಂದನೇ ಕ್ಲಾಸಿಗೆ ಹೋಗುವ ಮಕ್ಕಳ ಪಟ್ಟಿಗೂ ಅವರದೇ ಸಹಿ. ನಾನು ಪ್ರಿನ್ಸಿಪಾಲರ ಬಳಿ ಹೋಗಿ, ಆ ಹುಡುಗಿ ಈಗ ಮಾತಾಡುತ್ತಾಳೆ ಸಾರ್ ಎಂದೆ.

"ಇಂಗ್ಲಿಷಾ?"

"ಸ್ಪ್ಯಾನಿಷ್ ಸಾರ್."

ಅವರು ಸ್ವಲ್ಪ ಯೋಚಿಸಿದರು. "ಅದು ಇನ್ನೂ ಒಳ್ಳೇದಾಯ್ತು. ಮೇಡಂ ಎದುರಿಗೆ ಅವಳನ್ನೇ ನಿಲ್ಸಿ. ಅವರು ಮೆಚ್ಕೊಂಡ್ರೆ ಒಂದನೇ ಕ್ಲಾಸಿಗೆ ಹಾಕ್ಬಿಡೋಣ. ಮೆಚ್ಕೊಳ್ಳಿಲ್ಲಾಂದ್ರೆ ನನ್ನ ಕೇಳ್ಬೇಡಿ."

ಅವತ್ತು ಸಂಜೆ ಗೇಟಿನ ಬಳಿ ಅವ್ವನಿಗೆ ಹೇಳಿದೆ. ಆಕೆ ನನ್ನ ಎರಡು ಕೈಯನ್ನೂ ಹಿಡಿದುಕೊಂಡಳು. ಕ್ರೇಟು ಹೊತ್ತು ಹೊತ್ತು ಜಡ್ಡುಗಟ್ಟಿದ ಅಂಗೈ. ಮಗ ಲಾರಿಯಲ್ಲಿ ಎಲ್ಲೋ ದೂರ ಇದ್ದಾನೆ, ಇವತ್ತೇ ಫೋನು ಮಾಡಿ ಹೇಳುತ್ತೇನೆ ಎಂದಳು. ಇನ್ನೂ ಏನೂ ಆಗಿಲ್ಲ ಅವ್ವ, ಈಗಲೇ ಹೇಳಬೇಡಿ ಎಂದೆ. ಆಕೆ ಕೇಳಲಿಲ್ಲ.

ಲಾಭಂ ಬಗ್ಗೆ ನನಗೆ ಭಯವಿತ್ತು. ಬರುವ ಮೇಡಂ ಎಷ್ಟು ಸ್ಪ್ಯಾನಿಷ್ ಬಲ್ಲರೋ, ಒಂದು ಎರಡಾದರೂ ಬಲ್ಲರು. ಅದಕ್ಕೆ ಒಂದು ಉಪಾಯ ಮಾಡಿದೆ. ಎಣಿಕೆಯ ತಂಟೆಗೇ ಹೋಗುವುದು ಬೇಡ, ಬಣ್ಣಗಳನ್ನಷ್ಟೇ ಕೇಳಿಸಿ ಮುಗಿಸಿಬಿಡುವುದು. ಹತ್ತು ದಿನ ಬಣ್ಣಗಳನ್ನೇ ತಿದ್ದಿಸಿದೆ. ಹುಡುಗಿಗೆ ನಿದ್ದೆಯಲ್ಲಿ ಕೇಳಿದರೂ ಅಮರೀಯೋ ಬರುತ್ತಿತ್ತು.

ಮೇಡಂ ಬಂದರು. ಖಾದಿ ಸೀರೆ, ದೊಡ್ಡ ಬೊಟ್ಟು, ಕೈಯಲ್ಲಿ ಟ್ಯಾಬು. ಜೊತೆಗೆ ಫೋಟೋ ತೆಗೆಯಲು ಒಬ್ಬ. ಪ್ರಿನ್ಸಿಪಾಲರು ಬಾಗಿಲ ಬಳಿ ಕೈಕಟ್ಟಿ ನಿಂತರು. ನಾನು ಹುಡುಗಿಯನ್ನು ಮುಂದೆ ಕರೆದು ಒಂದೊಂದೇ ಕ್ರೆಯಾನ್ ಎತ್ತಿ ತೋರಿಸಿದೆ. ರೋಹೋ. ವೆರ್ದೆ. ಅಮರೀಯೋ. ದನಿ ಗಂಟೆ ಹೊಡೆದ ಹಾಗಿತ್ತು. ಮೇಡಂ ಹುಬ್ಬೇರಿಸಿ ಟ್ಯಾಬಿನಲ್ಲಿ ಏನೋ ಗೀಚಿದರು. ಪ್ರಿನ್ಸಿಪಾಲರು ನನ್ನ ಕಡೆ ನೋಡಿ ಮುಗುಳ್ನಕ್ಕರು, ನಾನು ಸೇರಿದ ಮೇಲೆ ಮೊದಲ ಸಲ. ನಾನು ಕ್ರೆಯಾನುಗಳನ್ನು ಒಟ್ಟುಮಾಡಿ, ಇನ್ನು ಹಾಡಿಗೆ ಹೋಗೋಣ ಎಂದು ಸ್ಪೀಕರಿನ ಕಡೆ ಕೈಚಾಚಿದೆ.

"ವಂಡರ್‌ಫುಲ್! ಪುಟ್ಟಿ, ಈಗ ಟೆನ್‌ವರೆಗೂ ಕೌಂಟ್ ಮಾಡ್ತೀಯಾ?" ಎಂದರು ಮೇಡಂ.

ಹುಡುಗಿಗೆ ಖುಷಿಯಾಯಿತು. ಅದು ಅವಳ ಅತ್ಯಂತ ಪ್ರೀತಿಯ ಪಾಠ. ಎದೆಯುಬ್ಬಿಸಿ ಶುರುಮಾಡಿದಳು: "ಲಾಭಂ! ದೋಸ್! ತ್ರೇಸ್!" ಫೋಟೋದವನು ಟಕಟಕ ಹೊಡೆದ.

ಮೇಡಂ ಕೈ ಎತ್ತಿ ನಿಲ್ಲಿಸಿದರು. ಮೊದಲನೆಯದು ಏನಂದೆ ಎಂದು ಕೇಳಿದರು. ಹುಡುಗಿ ಇನ್ನೂ ಗಟ್ಟಿಯಾಗಿ ಲಾಭಂ ಎಂದಳು. ಮೇಡಂ ಡಾಕ್ಟರ ಮಗನ ಕಡೆ ತಿರುಗಿದರು. ಅವನೂ ಲಾಭಂ. ಬ್ಯಾಂಕಿನವರ ಮಗಳು, ಲಾಭಂ. ಕೇಳದೇ ಇದ್ದರೂ ಹಿಂದಿನ ಬೆಂಚಿನವರೆಲ್ಲ ಎದ್ದು ನಿಂತು, ಇಪ್ಪತ್ತೆಂಟು ಗಂಟಲಿನಿಂದ ಲಾಭಂ, ದೋಸ್, ತ್ರೇಸ್ ಎಂದು ಸೂರು ಹಾರಿಸಿದರು.

ಮೇಡಂ ನನ್ನನ್ನು ನೋಡಿದರು. "ಏನಿದು? ನೀವೇ ಹೀಗೆ ಕಲಿಸಿದ್ದಾ?"

ಈ ಪ್ರಶ್ನೆಗೆ ಹೌದು ಎನ್ನಬಹುದಿತ್ತು. ಅದು ಈ ಊರಿನ ಪದ್ಧತಿ ಮೇಡಂ, ಮಗು ಅದರಿಂದಲೇ ಮಾತು ಕಲಿಯಿತು ಎಂದು ಬಿಡಿಸಿ ಹೇಳಬಹುದಿತ್ತು. ಆ ವಾಕ್ಯವನ್ನು ಆಮೇಲೆ ನಾನು ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ, ನೂರು ಸಲ ಚೆಂದವಾಗಿ ಹೇಳಿದ್ದೇನೆ. ಆವತ್ತು ಬಾಗಿಲಲ್ಲಿ ಪ್ರಿನ್ಸಿಪಾಲರ ಮುಗುಳ್ನಗೆ ಇಳಿಯುತ್ತಿರುವುದಷ್ಟೇ ನನಗೆ ಕಂಡದ್ದು.

"ಇಲ್ಲ ಮೇಡಂ. ಅದು ಈ ಮಗುವಿನ ತಪ್ಪು. ಇವಳಿಂದ ಕೇಳಿ ಎಲ್ಲ ಮಕ್ಕಳೂ ಕಲಿತ್ಬಿಟ್ರು. ಎಷ್ಟು ತಿದ್ದಿದ್ರೂ ಹೋಗ್ತಿಲ್ಲ" ಎಂದೆ.

ಹುಡುಗಿ ತಲೆಯೆತ್ತಿ ನನ್ನನ್ನು ನೋಡಿದಳು. ಆಮೇಲೆ ಮೇಡಂ ಕಡೆ ತಿರುಗಿ, ಆ ಶಾಲೆಯಲ್ಲಿ ತನ್ನ ಮೊದಲ ಪೂರ್ತಿ ವಾಕ್ಯವನ್ನು ಆಡಿದಳು. ಅಚ್ಚ ತೆಲುಗಿನಲ್ಲಿ.

"ಮಿಸ್ಸೇ ಕದಾ ವೆರಿ ಗುಡ್ ಅನಿಂದಿ."

ಮಿಸ್ಸೇ ಅಲ್ಲವಾ ವೆರಿ ಗುಡ್ ಅಂದಿದ್ದು. ಅಳಲಿಲ್ಲ, ದೂರು ಹೇಳುವ ದನಿಯೂ ಇರಲಿಲ್ಲ. ದೊಡ್ಡವರೊಬ್ಬರಿಗೆ ಏನೋ ಮರೆತುಹೋಗಿದೆ, ನೆನಪಿಸುತ್ತೇನೆ ಎಂಬ ಹಾಗೆ ಹೇಳಿದಳು.

ಬೆಂಗಳೂರಿನ ಮೇಡಂಗೆ ತೆಲುಗು ಬರುತ್ತಿರಲಿಲ್ಲ. "ಏನಂತೆ?" ಎಂದು ನನ್ನನ್ನೇ ಕೇಳಿದರು.

"ಸಾರಿ ಅಂತಿದ್ದಾಳೆ ಮೇಡಂ" ಎಂದೆ.

ಪ್ರಿನ್ಸಿಪಾಲರಿಗೆ ತೆಲುಗು ನನಗಿಂತ ಚೆನ್ನಾಗಿ ಬರುತ್ತದೆ. ಅವರು ಗೋಡೆಯ ಮೇಲಿನ ಅಕ್ಷರಮಾಲೆಯನ್ನು ಬಹಳ ಆಸಕ್ತಿಯಿಂದ ಓದತೊಡಗಿದರು. ಮೇಡಂ ಹುಡುಗಿಯ ಕೆನ್ನೆ ತಟ್ಟಿ "ಇಟ್ಸ್ ಓಕೆ ಪುಟ್ಟಿ" ಎಂದು ಕ್ಷಮಿಸಿ, ಮುಂದಿನ ಕ್ಲಾಸಿಗೆ ಹೋದರು. ಅವರು ಹೋದ ಮೇಲೆ ಆಯಮ್ಮ ಬಂದು, ನಿಯಮ ನಿಯಮವೇ ಅಲ್ಲವೇ, ಕೆಂಪು ಕಾರ್ಡನ್ನು ಹುಡುಗಿಯ ಕೊರಳಿಗೆ ಹಾಕಿದಳು. ನಾನು ಬೇಡವೆನ್ನಲಿಲ್ಲ. ಸ್ಪೀಕರಿನ ಗುಂಡಿ ಒತ್ತಿದೆ.

ವರದಿ ಹದಿನೈದು ದಿನದಲ್ಲಿ ಬಂತು. ಟೀಚರ ಉತ್ಸಾಹ ಮೆಚ್ಚತಕ್ಕದ್ದು ಎಂದಿತ್ತು. ಮನೆಭಾಷೆಯ ಪ್ರಭಾವದ ಬಗ್ಗೆ ಎಚ್ಚರ ವಹಿಸಬೇಕು ಎಂದಿತ್ತು. ಒಂದನೇ ಕ್ಲಾಸಿನ ಪಟ್ಟಿಯಲ್ಲಿ ಇಪ್ಪತ್ತೇಳು ಹೆಸರಿತ್ತು. ಅದೇ ವಾರ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಶಾಲೆಯ ಹೊಸ ಬ್ಯಾನರೂ ಎದ್ದಿತು. ಫೋಟೋದವನು ಹೊಡೆದದ್ದರಲ್ಲಿ ಚೆನ್ನಾಗಿ ಬಂದದ್ದು ಒಂದೇ ಇತ್ತಂತೆ. ಹದಿನೈದು ಅಡಿ ಅಗಲಕ್ಕೆ, ಎರಡು ಬಿಗಿ ಜಡೆಯ ಹುಡುಗಿಯೊಬ್ಬಳು ಎದೆಯುಬ್ಬಿಸಿ ಬಾಯಿ ತೆರೆದು ನಿಂತಿದ್ದಳು. ಕೆಳಗೆ, ನಮ್ಮ ಮಕ್ಕಳು ಸ್ಪ್ಯಾನಿಷ್ ಮಾತಾಡುತ್ತಾರೆ, ಪ್ರವೇಶ ಆರಂಭವಾಗಿದೆ ಎಂದು ಬರೆದಿತ್ತು. ಮುಳಬಾಗಿಲಿನವರಿಗೆ ಈಗ ನಿದ್ದೆ ಬರಲ್ಲ ಎಂದು ಪ್ರಿನ್ಸಿಪಾಲರು ಸ್ಟಾಫ್ ರೂಮಿಗೆ ಬೋಂಡ ತರಿಸಿದರು. ನಾನೂ ತಿಂದೆ.

ಅವ್ವ ಟಿಸಿ ತೆಗೆದುಕೊಳ್ಳಲು ಬಂದದ್ದು ಮಾರ್ಚಿನ ಕೊನೆಯಲ್ಲಿ. ಇನ್ನೊಂದು ವರ್ಷ ಇಲ್ಲೇ ಕೂರಿಸಿ ಎಂದು ಪ್ರಿನ್ಸಿಪಾಲರು ಹೇಳಿದ್ದರು, ಆಕೆ ಒಪ್ಪಲಿಲ್ಲ. ಊರಿನ ಸರ್ಕಾರಿ ಶಾಲೆಗೆ ಒಂದನೇ ಕ್ಲಾಸಿಗೆ ಹಾಕುತ್ತೇವೆ ಎಂದಳು. ಕಾಗದ ಕೈಗೆ ಬಂದ ಮೇಲೆ ಆಫೀಸಿನಿಂದ ಹೊರಬಿದ್ದು ನೇರವಾಗಿ ನನ್ನ ಬಳಿ ಬಂದಳು. ನಾನು ವರಾಂಡದಲ್ಲಿ ಮಕ್ಕಳ ಬಣ್ಣದ ಹಾಳೆಗಳನ್ನು ಕಟ್ಟುತ್ತಿದ್ದೆ.

"ಮಾತಾಡಲ್ಲ ಮಾತಾಡಲ್ಲ ಅಂತ ವರ್ಷವೆಲ್ಲ ಅಂದ್ರಿ ಮೇಡಮ್ಮಾ. ಮಾತಾಡಿದ್ಲು. ಈಗ ಮಾತಾಡಿದ್ಲು ಅಂತ ಕೂರಿಸ್ತೀವಿ ಅಂತೀರಿ" ಎಂದಳು. ಬೈಗುಳವಾಗಿ ಅಲ್ಲ, ಲೆಕ್ಕ ಹೊಂದುತ್ತಿಲ್ಲವಲ್ಲ ಎಂಬ ಹಾಗೆ.

ನಾನು ಹಾಳೆಗಳಿಗೆ ಸುತ್ತುತ್ತಿದ್ದ ದಾರವನ್ನೇ ನೋಡುತ್ತ, ನನ್ನ ಕೈಯಲ್ಲಿ ಏನೂ ಇರಲಿಲ್ಲ ಅವ್ವ ಎಂದೆ.

"ಅದು ಬಿಡಿ. ದೊಡ್ಡವರ ವಿಷಯ. ಆ ಸ್ಕೂಲಾದ್ರೇನು, ಓದೋಳು ಎಲ್ಲಿದ್ರೂ ಓದ್ತಾಳೆ. ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು." ಆಕೆ ಸ್ವಲ್ಪ ಹತ್ತಿರ ಬಂದಳು. "ಮಗು ದಿನಾ ಒಂದೇ ಕೇಳ್ತಾಳೆ. ಅವ್ವಾ, ನಾನು ಸಾರಿ ಅನ್ನಲೇ ಇಲ್ಲ, ಮಿಸ್ಸು ಯಾಕೆ ಹಂಗಂದ್ರು ಅಂತ. ನನಗೆ ಏನು ಹೇಳ್ಬೇಕೋ ತಿಳೀತಿಲ್ಲ. ನೀವು ಓದಿದೋರು. ಏನ್ ಹೇಳ್ಲಿ?"

ನಿಜವಾಗಿಯೂ ಉತ್ತರ ಬೇಕೆಂದೇ ಕೇಳಿದ್ದಳು. ಅದರಲ್ಲಿ ಕುಟುಕಿದ್ದರೆ, ವ್ಯಂಗ್ಯವಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ, ನನ್ನ ಬಳಿಯೂ ಅದಕ್ಕೇನು ಬರವಿಲ್ಲ. ಮುಖ ನೋಡಲಾಗಲಿಲ್ಲ.

"ಮಿಸ್ಸೇ ಸುಳ್ಳು ಹೇಳಿದ್ದು, ಸಾರಿ ಹೇಳ್ಬೇಕಾದೋಳು ಮಿಸ್ಸೇ ಅಂತ ಹೇಳಿ ಅವ್ವ" ಎಂದೆ. ದನಿ ಆಫೀಸಿನ ಕಿಟಕಿಗೆ ಕೇಳಿಸದಷ್ಟು ತಗ್ಗಿತ್ತು.

ಅವ್ವನ ಮುಖ ಅರಳಿತು. "ಅಷ್ಟೇ ಸಾಕು ಬಿಡಿ. ಆದ್ರೆ ನಾನು ಹೇಳಿದ್ರೆ ಅವಳು ನಂಬಲ್ಲ, ನೀವೇ ಹೇಳ್ಬಿಡಿ. ಅಗೋ, ಗೇಟ್ ಹತ್ರ ನಿಂತವ್ಳೆ."

ನೋಡಿದೆ. ಗೇಟಿನ ಸರಳು ಹಿಡಿದುಕೊಂಡು ನಮ್ಮ ಕಡೆಗೇ ನೋಡುತ್ತ ನಿಂತಿದ್ದಳು. ಮೂವತ್ತು ಹೆಜ್ಜೆ ದೂರ ಇರಬಹುದು. ನಡುವೆ ಪ್ರಿನ್ಸಿಪಾಲರ ಕೋಣೆ. ಬಾಗಿಲು ತೆರೆದಿತ್ತು, ಒಳಗೆ ಅವರು ಯಾರೋ ಹೊಸ ತಂದೆತಾಯಿಗೆ ಸ್ಪ್ಯಾನಿಷ್ಷಿನ ಮಹಿಮೆ ಹೇಳುತ್ತಿದ್ದರು.

ಎಲ್‌ಕೆಜಿಗೆ ಕ್ಲಾಸಿದೆ ಅವ್ವ, ಹೊತ್ತಾಯಿತು ಎಂದೆ. ಹಾಳೆಗಳ ಕಟ್ಟನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದೆ.

ಆ ಹೊತ್ತಿನಲ್ಲಿ ನನಗೆ ಯಾವ ಕ್ಲಾಸೂ ಇರಲಿಲ್ಲ.